ಚೆಂಡುಹೂವು, ಮೀನಿನ ಉಚ್ಚೆ

ನಗಬೇಡ, ಫಿದೆನ್ಸಿಯೋ. ಈ ವಯಸ್ಸಿನಲ್ಲಿ
ನನಗೆ ಸಿಕ್ಕ ಕೆಲಸ ಮೀನಿನ ಮದುವೆ ಕಾಯುವುದು.
ಪಟ್ಟಣದಿಂದ ಬಂದ ಆರಾಸೆಲಿ ಎಂಬ ಹುಡುಗಿ
ಮೊಣಕಾಲುದ್ದದ ರಬ್ಬರ್ ಬೂಟು ಕೊಟ್ಟಿದ್ದಾಳೆ,
ದಿನಕ್ಕಿಷ್ಟು ಪೆಸೋ, ಮಧ್ಯಾಹ್ನದ ಬುತ್ತಿ ನನ್ನದೇ.
ತಂತಿಬುಟ್ಟಿಯೊಳಗೆ ನಾಯಿ ತಿನ್ನುವ ಬಿಸ್ಕತ್ತು ಹಾಕಿ
ಹೊಳೆಗಿಳಿಸುತ್ತೇವೆ. ಅರ್ಧ ಗಂಟೆ ಬಿಟ್ಟು ಎತ್ತಿದರೆ
ಬೆರಳುದ್ದದ ಮೀನು, ಹತ್ತೋ ಹನ್ನೆರಡೋ,
ನೀನು ಹೆಂಚಿಗೂ ಹಾಕದೆ ಬಿಸಾಡುತ್ತಿದ್ದೆಯಲ್ಲ,
ಅವೇ.

ಮೇಲಿನ ಹೊಳೆಯದಕ್ಕೆ ಬಾಲದ ತುದಿಯಲ್ಲಿ ಕತ್ತಿ.
ಕೆಳಗಿನದಕ್ಕೆ ಕತ್ತಿಯಿಲ್ಲ, ಬೆನ್ನ ಮೇಲೆ ಹಾಯಿಯಂಥ ರೆಕ್ಕೆ.
ಗಂಡು ಏನು ಮಾಡುತ್ತಾನೆ ಗೊತ್ತೆ?
ಹೆಣ್ಣು ನೋಡುತ್ತಿದ್ದಾಳೆಂದು ಖಾತ್ರಿಯಾದ ಮೇಲೆ
ಅವಳಿಗಿಂತ ಒಂದು ಗೇಣು ಮೇಲಕ್ಕೆ ಈಜಿ
ಉಚ್ಚೆ ಹೊಯ್ಯುತ್ತಾನೆ!
ಯಾರೂ ಇಲ್ಲದಾಗ ಬಿಗಿಹಿಡಿದುಕೊಂಡಿರುತ್ತಾನಂತೆ, ಜಿಪುಣ.
ನೀರು ಅದನ್ನು ಹೊತ್ತು ಕೆಳಗಿಳಿಯುತ್ತದೆ,
ಹೆಸರು ಕುಲ ಊರು ಎಲ್ಲ ಅದರಲ್ಲೇ.
ಅವಳು ಅಲ್ಲಾಡದೆ ನಿಂತು, ಕಣ್ಣು ಹೇಳಿದ್ದನ್ನು ನಂಬದೆ,
ಮೂಗಿಗೆ ತಾಗಿದ್ದನ್ನು ತೂಗುತ್ತಾಳೆ.
ತನ್ನವನಾದರೆ ಏರುತ್ತಾಳೆ ಸೆಳವಿನೆದುರು.

ನೀನೂ ಹಾಗೇ ಬಂದವನು, ಮೇಲಿನ ಗುಡ್ಡದಿಂದ.
ಕಾಫಿ ಸಿಪ್ಪೆಯ ಹುಳಿ, ಕತ್ತೆಯ ಬೆವರು, ಹೊಗೆ ಕುಡಿದ ಉಣ್ಣೆ.
ಅಮ್ಮ ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿದ್ದಳು.
ನಿನ್ನ ಮುಖ ನೋಡುವ ಮುಂಚೆಯೇ
ನಾನು ಒಪ್ಪಿಯಾಗಿತ್ತು.
ಇದನ್ನು ನಿನಗೆ ಹೇಳಿರಲಿಲ್ಲ. ಮೂವತ್ತೊಂದು ವರ್ಷ.

ಈಗ ಹೊಳೆ ಚಹಾದ ಬಣ್ಣ.
ಸಂತೆಯ ಚರಂಡಿ, ಹಂದಿ ಕೊಟ್ಟಿಗೆ, ಕೊಳೆತ ಕಿತ್ತಳೆ ಸಿಪ್ಪೆ,
ನಮ್ಮ ಮನೆಯ ಪೈಪೂ ಇದೆ ಅದರಲ್ಲಿ, ನೀನೇ ಹೂತದ್ದು.
ಆ ಕೊಳೆ ಮೀನಿನ ಮೂಗಿಗೆ ಮಸಿಯಂತೆ ಹತ್ತುತ್ತದಂತೆ.
ಆರಾಸೆಲಿ ಎರಡು ತೊಟ್ಟಿ ಇಟ್ಟು ತೋರಿಸಿದಳು:
ತಿಳಿನೀರಲ್ಲಿ ಹೆಣ್ಣು ಅರೆಗಳಿಗೆಯಲ್ಲಿ ಆರಿಸಿದಳು.
ಹೊಳೆಯ ನೀರಲ್ಲಿ ಸುಮ್ಮನೆ ಅತ್ತ ಇತ್ತ,
ಸಂತೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ,
ಕೊನೆಗೆ ಹತ್ತಿರವಿದ್ದವನ ಪಕ್ಕ ನಿಂತಳು.

ನಾನು ತೊಟ್ಟಿಯಿಂದ ಕಣ್ಣು ತೆಗೆದೆ.
ಆ ಜ್ವರದ ವರ್ಷ ನೀನು ಹೋದೆ, ನಾನು ಉಳಿದೆ,
ನನ್ನ ಮೂಗು ಮಾತ್ರ ನಿನ್ನ ಜೊತೆ ಹೋಯಿತು.
ಯಾರಿಗೂ ಹೇಳಲಿಲ್ಲ. ರೊಟ್ಟಿ ಸೀದರೆ
ಹೊಗೆ ಕಂಡು ತಿಳಿಯುತ್ತೇನೆ.
ನಿನ್ನ ಅಂಗಿಯನ್ನು ಮುಖಕ್ಕೊತ್ತಿಕೊಂಡೆ. ಬರೀ ಬಟ್ಟೆ.
ಆಮೇಲೆ ಅದನ್ನು ಒಗೆದೆ. ಉಳಿಸಿಕೊಳ್ಳಲು ಏನಿತ್ತು?

ಇವತ್ತು ಬುಟ್ಟಿಯಲ್ಲಿ ಬಂದದ್ದು: ಅರ್ಧ ಕತ್ತಿ,
ಅರ್ಧ ಹಾಯಿ. ಎರಡೂ ಕುಲದ್ದಲ್ಲ, ಎರಡರದೂ ಹೌದು.
ಹುಡುಗಿ ಹಾಳೆಯ ಮೂರನೆಯ ಸಾಲಿನಲ್ಲಿ ಗೀಟು ಹಾಕಿದಳು.
ಆ ಗೀಟುಗಳೇ ಹೆಚ್ಚು ಈಗ.
ಅಯ್ಯೋ ಪಾಪ ಎನ್ನಬೇಕೆಂದು ಬಾಯಿ ತೆರೆದೆ,
ಅದು ನನ್ನ ಅಂಗೈಯಲ್ಲಿ ಬಾಲ ಬಡಿದು
ಮುಖಕ್ಕೆ ನೀರೆರಚಿ ಜಾರಿಹೋಯಿತು.
ಅದಕ್ಕೂ ಒಂದು ವಾಸನೆ ಇರಬೇಕು,
ಇನ್ನೂ ಯಾರೂ ಹೆಸರಿಡದ್ದು.

ನಾಳೆ ಶಾಂತೋಲೋ, ಸತ್ತವರು ಬರುವ ದಿನ.
ಬಾಗಿಲಿಂದ ದಾರಿಯವರೆಗೆ ಚೆಂಡುಹೂವಿನ ಎಸಳು ಹಾಸಿದ್ದೇನೆ,
ಕೆಂಡದ ಮೇಲೆ ಕೊಪಾಲ್ ಧೂಪ.
ಘಾಟಾಗಿದೆಯೋ ಮಂಕಾಗಿದೆಯೋ ನನಗೆ ತಿಳಿಯದು,
ಪಕ್ಕದ ಮನೆಯ ನಿಕಾನೋರಾಳ ಮಗನನ್ನು ಕರೆದು ಕೇಳಿದೆ.
ಸೀನಿದ. ಸಾಕು ಅಂದುಕೊಂಡೆ.

ಹುಷಾರು. ಎಲ್ಲರ ಅಂಗಳದಲ್ಲೂ ಅದೇ ಹೂವು, ಅದೇ ಧೂಪ.
ದಾರಿ ತಪ್ಪಿ ನೀನು ಇನ್ನೊಬ್ಬಳ ಮನೆ ಹೊಕ್ಕರೆ
ತಪ್ಪು ನಿನ್ನದಲ್ಲ.
ಬೇರೆ ಯಾರೋ ಈ ಹೊಸ್ತಿಲು ದಾಟಿ ಬಂದರೂ
ನಾನು ತಿಳಿಯಲಾರೆ, ಕಾಫಿ ಬಗ್ಗಿಸಿ ಕೊಡುತ್ತೇನೆ.
ಆದರೂ ಗುರುತಿಗಿರಲಿ ಎಂದು
ರಬ್ಬರ್ ಬೂಟನ್ನು ಹೊಸ್ತಿಲಲ್ಲೇ ಬಿಟ್ಟಿದ್ದೇನೆ.
ಒಳಗೆ ಹೊಳೆಯ ಕೆಸರು ಇನ್ನೂ ಹಸಿ.